ಒಂದೇ ಆನೆ, ಒಂದೇ ಹೆದರಿಕೆ. ನನಗೆ ಬಿಪಿ 186, ತಮ್ಮನಿಗೆ 134. ಯಾಕೆ?

ಆಲೂರು ತೋಟ · ಮಾರ್ಚ್ 2

ಮೊನ್ನೆ ಬೆಳಿಗ್ಗೆ ನಾನೂ ತಮ್ಮನೂ ಸ್ಪ್ರಿಂಕ್ಲರ್ ಮೋಟಾರ್ ಹಾಕಲು ಕೆರೆ ಕಡೆ ಹೊರಟಿದ್ದೆವು. ರೋಬಸ್ಟಾ ಕಾಫಿ ಹೂವಿಗೆ ನೀರು ಕೊಡುವ ಸಮಯ, ನಿಮಗೆ ಗೊತ್ತಲ್ಲ. ಸಿಲ್ವರ್ ಮರದ ಸಾಲು ದಾಟಿ ತಿರುಗಿದರೆ ಎದುರಿಗೇ ಒಂಟಿ ಸಲಗ. ಮೂವತ್ತು, ಮೂವತ್ತೈದು ಅಡಿ ದೂರ ಅಷ್ಟೇ. ಅದು ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು. ಆಮೇಲೆ ಹೇಗೆ ಓಡಿದೆವು ಎಂದು ಕೇಳಬೇಡಿ. ನನ್ನ ಚಪ್ಪಲಿ ಇನ್ನೂ ಅಲ್ಲೇ ಇದೆ.

ಮನೆಗೆ ಬಂದು ನೀರು ಕುಡಿದು ಇಪ್ಪತ್ತು ನಿಮಿಷ ಆದ ಮೇಲೆ ಮಗಳು ಬಿಪಿ ಮಿಷಿನ್ ತಂದಳು. ನನಗೆ 186/104. ತಮ್ಮನಿಗೆ 134/82. ಅವನು ನನಗಿಂತ ಜೋರಾಗಿ ಓಡಿದ್ದ, ಕಿರುಚಿದವನೂ ಅವನೇ. ನನಗೆ 52, ಅವನಿಗೆ 46. ನನಗೆ ಆರು ವರ್ಷದಿಂದ ಬಿಪಿ ಇದೆ, ಮಾತ್ರೆ ಇದೆ. ಅವನಿಗೆ ಏನೂ ಇಲ್ಲ.

ಮನೆಯವಳು ಹೇಳುವುದು ಒಂದೇ ಮಾತು: "ನಿಮಗೆ ಸಿಟ್ಟು, ಗಾಬರಿ ಜಾಸ್ತಿ. ಅದಕ್ಕೇ ಏರುತ್ತೆ." ನನ್ನ ಮೈಯಲ್ಲಿ ಆ ಅಡ್ರಿನಲಿನ್ ಅನ್ನುವುದು ಜಾಸ್ತಿ ಉತ್ಪತ್ತಿ ಆಗುತ್ತದಾ? ಅಥವಾ ಬೇರೆ ಏನಾದರೂ ಇದೆಯಾ? ತಿಳಿದವರು ಹೇಳಿ.

ಕೊಪ್ಪದ ಅಡಿಕೆ

ಮೊದಲು ಚಪ್ಪಲಿ ತಂದುಕೊಳ್ಳಿ. ಆಮೇಲೆ ಬಿಪಿ ನೋಡೋಣ.

ತಮಾಷೆ ಬಿಡಿ, ಇದು ಸಿಂಪಲ್. ರಕ್ತನಾಳದಲ್ಲಿ ಕೊಬ್ಬು ಕಟ್ಟಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ ತಿನ್ನಿ.

ಹಳೇ ಲ್ಯಾಬ್ ಕೋಟು

ಹಾಸನದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಶರೀರಶಾಸ್ತ್ರ ಪಾಠ ಮಾಡಿದವನು ನಾನು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಡಿಕೆಯವರೇ, ಕೊಬ್ಬು ಕಟ್ಟುವುದು ದೊಡ್ಡ ನಾಳಗಳ ಕಥೆ. ಹೃದಯದ ನಾಳ, ಕುತ್ತಿಗೆಯ ನಾಳ, ಅಲ್ಲಿ. ಬಿಪಿ ಎಷ್ಟಿರಬೇಕು ಎಂದು ತೀರ್ಮಾನ ಮಾಡುವವು ಅವಲ್ಲ. ಅವು ಕವಲೊಡೆದು ಕವಲೊಡೆದು ಕೊನೆಗೆ ಹೊಲಿಗೆ ದಾರದಷ್ಟು, ಅದಕ್ಕಿಂತಲೂ ಸಣ್ಣ ನಾಳಗಳಾಗುತ್ತವೆ. ಕಾಲು ಮಿಲಿಮೀಟರ್, ಅದರ ಒಳಗೆ. ಅವುಗಳ ಗೋಡೆಯಲ್ಲಿ ಉಂಗುರದ ಹಾಗೆ ಸುತ್ತಿಕೊಂಡ ಸ್ನಾಯು ಇರುತ್ತದೆ. ಸ್ನಾಯು ಬಿಗಿದರೆ ನಾಳ ಕಿರಿದು, ಸಡಿಲಿಸಿದರೆ ಅಗಲ. ಆಟ ನಡೆಯುವುದು ಅಲ್ಲಿ.

ಈಗ ಆನೆ ಕಂಡಿತು ಅಂದುಕೊಳ್ಳಿ. ಎರಡು ಕಡೆಯಿಂದ ಸುದ್ದಿ ಹೊರಡುತ್ತದೆ. ಕಿಡ್ನಿ ಮೇಲೆ ಟೋಪಿ ಹಾಕಿದ ಹಾಗೆ ಕೂತಿರುವ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ರಕ್ತನಾಳಗಳ ಗೋಡೆವರೆಗೂ ಹೋಗಿರುವ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಜಿನುಗುತ್ತದೆ. ಇವು ಸ್ನಾಯುವಿನ ಮೇಲಿರುವ, ಸುದ್ದಿ ಹಿಡಿಯುವ ಕೊಂಡಿಗಳಾದ ರಿಸೆಪ್ಟರ್‌ಗಳಿಗೆ ಅಂಟಿಕೊಳ್ಳುತ್ತವೆ. ಆಲ್ಫಾ ರಿಸೆಪ್ಟರ್‌ಗೆ ಅಂಟಿದರೆ ಸ್ನಾಯು ಬಿಗಿಯುತ್ತದೆ. ಬೀಟಾ-2ಕ್ಕೆ ಅಂಟಿದರೆ ಸಡಿಲಾಗುತ್ತದೆ. ಆಲ್ಫಾ, ಬೀಟಾ ಎಂದು ಹೀಗೆ ಎರಡು ಬಗೆ ಇವೆ ಎಂದು 1948ರಲ್ಲಿ ಅಮೆರಿಕದ ಆಲ್ಕ್ವಿಸ್ಟ್ ಹೇಳಿದಾಗ ಸುಮಾರು ಜನ ನಂಬಿರಲಿಲ್ಲ.

ಆರೋಗ್ಯವಂತನಲ್ಲಿ ಇವೆರಡೂ ಒಂದು ಲೆಕ್ಕಾಚಾರದಲ್ಲಿ ನಡೆಯುತ್ತವೆ. ಚರ್ಮ, ಕರುಳು, ಕಿಡ್ನಿಗೆ ಹೋಗುವ ನಾಳ ಬಿಗಿಯುತ್ತದೆ. ಕಾಲಿನ ಮಾಂಸಖಂಡಕ್ಕೆ ಹೋಗುವ ನಾಳ ತೆರೆದುಕೊಳ್ಳುತ್ತದೆ, ಓಡಬೇಕಲ್ಲ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆಯುವುದರಿಂದ ಒಟ್ಟು ಒತ್ತಡ ಮಿತಿ ಮೀರಿ ಏರುವುದಿಲ್ಲ. ಹೃದಯ ಜೋರಾಗಿ ಹೊಡೆದಷ್ಟು ಏರಿ, ಬೇಗ ಇಳಿಯುತ್ತದೆ. ನಿಮ್ಮ ತಮ್ಮನಿಗೆ ಆಗಿದ್ದು ಅದು.

ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಈ ಲೆಕ್ಕ ಕೆಡುತ್ತದೆ. ಬಿಗಿಯುವ ಕೆಲಸ ಜಾಸ್ತಿ, ಸಡಿಲಿಸುವ ಕೆಲಸ ಕಡಿಮೆ. ಹಾರ್ಮೋನು ನಿಮ್ಮ ತಮ್ಮನಷ್ಟೇ ಬಂದಿದ್ದರೂ ನಿಮ್ಮ ನಾಳ ಕೊಡುವ ಉತ್ತರ ದೊಡ್ಡದು. ಯಾಕೆ ಎಂದು ಬರೆಯಲು ಕೂತರೆ ಉದ್ದ ಆಗುತ್ತದೆ. ಆಸಕ್ತಿ ಇದ್ದರೆ ಹೇಳಿ.

ಮೂಡಿಗೆರೆ ಮಳೆ

ಉದ್ದ ಆದರೆ ಆಗಲಿ ಸಾರ್, ಬರೆಯಿರಿ. ನಮಗೆ ಮಳೆಗಾಲದ ತನಕ ಕೆಲಸ ಇಲ್ಲ. (ಸುಳ್ಳು. ಮೆಣಸು ಇನ್ನೂ ಕೊಯ್ದು ಮುಗಿದಿಲ್ಲ.)

ನನಗೆ ಅರ್ಥ ಆಗುವ ಹಾಗೆ ಕೇಳುತ್ತೇನೆ. ನಮ್ಮ ಸ್ಪ್ರಿಂಕ್ಲರ್ ಪೈಪು ಹಳೆಯದಾದರೆ ಒಳಗೆ ಕಿಲುಬು ಕಟ್ಟಿ ನೀರು ಕಡಿಮೆ ಆಗುತ್ತದೆ, ಮೋಟಾರಿಗೆ ಲೋಡು ಬೀಳುತ್ತದೆ. ಅದೇ ತಾನೇ ಇದು?

ಹಳೇ ಲ್ಯಾಬ್ ಕೋಟು

ಅರ್ಧ ಸರಿ. ಕಿಲುಬು ಕಟ್ಟಿದ ಪೈಪು ಕಿರಿದಾಗಿರುತ್ತದೆ ಅಷ್ಟೇ, ತಾನಾಗಿ ಇನ್ನಷ್ಟು ಹಿಂಡಿಕೊಳ್ಳುವುದಿಲ್ಲ. ರಕ್ತನಾಳ ಹಿಂಡಿಕೊಳ್ಳುತ್ತದೆ. ಅಲ್ಲೇ ಇರುವುದು ಸ್ವಾರಸ್ಯ.

ಒತ್ತಡ ಜಾಸ್ತಿ ಇದ್ದಾಗ ನಾಳದ ಗೋಡೆ ಅದನ್ನು ತಡೆದುಕೊಳ್ಳಬೇಕು. ಅದಕ್ಕಾಗಿ ಗೋಡೆ ದಪ್ಪ ಆಗುತ್ತದೆ. ಸಣ್ಣ ನಾಳಗಳಲ್ಲಿ ಬಹಳ ಸಲ ಹೊಸ ಸರಕು ಕೂಡ ಸೇರುವುದಿಲ್ಲ, ಇದ್ದ ಜೀವಕೋಶಗಳೇ ಒಳಗೆ ಸರಿದು ಒತ್ತಾಗಿ ಕೂರುತ್ತವೆ. ಒಟ್ಟಿನಲ್ಲಿ ಗೋಡೆ ದಪ್ಪ, ಒಳದಾರಿ ಕಿರಿದು.

ಒಂದು ಲೆಕ್ಕ ಮಾಡೋಣ. ಪೆನ್ನು ತಗೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು.

ತಮ್ಮನ ನಾಳ: ಒಳಗಿನ ತ್ರಿಜ್ಯ 10, ಹೊರಗಿನದು 11. ನಿಮ್ಮದು: ಹೊರಗೆ ಅದೇ 11, ಗೋಡೆ ದಪ್ಪ ಆಗಿದ್ದರಿಂದ ಒಳಗೆ 9.

ರಕ್ತ ಹರಿಯಲು ಎದುರಾಗುವ ತಡೆ ತ್ರಿಜ್ಯದ ನಾಲ್ಕನೇ ಘಾತದ ಮೇಲೆ ನಿಂತಿದೆ. 1840ರ ಹೊತ್ತಿಗೆ ಫ್ರಾನ್ಸಿನ ಪ್ವಾಸೇಯ್ ಗಾಜಿನ ಸಣ್ಣ ಕೊಳವೆಗಳಲ್ಲಿ ಅಳೆದು ತೋರಿಸಿದ ನಿಯಮ ಅದು. ತ್ರಿಜ್ಯ ಅರ್ಧ ಆದರೆ ತಡೆ 16 ಪಟ್ಟು. ಹಾಗಾಗಿ ತಮ್ಮನ ತಡೆ 1 ಅಂದರೆ ನಿಮ್ಮದು ಸುಮ್ನೆ ಕೂತಿದ್ದಾಗಲೇ 1.5.

ಈಗ ಆನೆ ಬಂತು. ಇಬ್ಬರಿಗೂ ಅಷ್ಟೇ ಹಾರ್ಮೋನು, ಇಬ್ಬರ ಸ್ನಾಯುವೂ ಅಷ್ಟೇ ಬಿಗಿಯಿತು. ಹೊರಗಿನ ಸುತ್ತು ಇಬ್ಬರಲ್ಲೂ 20% ಕುಗ್ಗಿ 11 ಇದ್ದದ್ದು 8.8 ಆಯಿತು. ಗೋಡೆಯ ಸರಕು ಎಲ್ಲಿಗೂ ಹೋಗುವುದಿಲ್ಲ, ಒಳಕ್ಕೇ ಉಬ್ಬುತ್ತದೆ. ಹೊರಗಿನ ತ್ರಿಜ್ಯದ ವರ್ಗದಲ್ಲಿ ಒಳಗಿನದರ ವರ್ಗ ಕಳೆದರೆ ಸಿಗುವ ಗೋಡೆಯ ಪಾಲು (ತಮ್ಮನದು 21, ನಿಮ್ಮದು 40) ಹಾಗೇ ಉಳಿಯುತ್ತದೆ. ಗುಣಿಸಿ ನೋಡಿ: ತಮ್ಮನ ಒಳದಾರಿ 7.5ಕ್ಕೆ ಬರುತ್ತದೆ, ನಿಮ್ಮದು 6.1ಕ್ಕೆ. ತಡೆ? ತಮ್ಮನದು 1ರಿಂದ 3.1. ನಿಮ್ಮದು 1.5ರಿಂದ 7.1.

ಒಂದೇ ಹಿಂಡು, ಎರಡು ಫಲ. ಇದರಲ್ಲಿ ಸಿಟ್ಟಿನ ಪಾತ್ರ ಎಲ್ಲಿ ಬಂತು? ದಪ್ಪ ಗೋಡೆಯೇ ಆಂಪ್ಲಿಫೈಯರ್ ಆಗಿ ಕೂತಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿದ್ದ ಬ್ಯೋರ್ನ್ ಫೋಲ್ಕೋ 1950ರ ದಶಕದಲ್ಲಿ ಬಿಪಿ ಇದ್ದವರ ಮುಂಗೈಯಲ್ಲಿ ರಕ್ತದ ಹರಿವು ಅಳೆದು ಹೇಳಿದ್ದು ಹೆಚ್ಚುಕಡಿಮೆ ಇದೇ. ನಾಳಗಳನ್ನು ಪೂರ್ತಿ ಸಡಿಲಿಸಿದಾಗಲೂ ಬಿಪಿ ಇದ್ದವರಲ್ಲಿ ತಡೆ ಜಾಸ್ತಿಯೇ ಉಳಿದಿತ್ತು. ಅಂದರೆ ತೊಂದರೆ ಬರೀ ಬಿಗಿತದ್ದಲ್ಲ, ಕಟ್ಟಡದ್ದೂ ಹೌದು.

ಮೂಡಿಗೆರೆ ಮಳೆ

ಗುಣಿಸಿ ನೋಡಿದೆ. 8.8ರ ವರ್ಗದಲ್ಲಿ 40 ಕಳೆದು ವರ್ಗಮೂಲ ತೆಗೆದರೆ 6.12. ಸರಿ ಬಂತು! ಎಸ್ಸೆಸ್ಸೆಲ್ಸಿ ಆದ ಮೇಲೆ ಇವತ್ತೇ ಮೊದಲು ವರ್ಗಮೂಲ ಉಪಯೋಗಕ್ಕೆ ಬಂದದ್ದು.

ಆಲೂರು ತೋಟ

ಮೇಷ್ಟ್ರೇ, ಇದನ್ನು ಪ್ರಿಂಟ್ ತೆಗೆಸಿ ಅಡುಗೆಮನೆ ಬಾಗಿಲಿಗೆ ಅಂಟಿಸುತ್ತೇನೆ. ಸಿಟ್ಟಿನ ಆರೋಪದಿಂದ ನನಗೆ ಬಿಡುಗಡೆ.

ನೈಟ್ ಡ್ಯೂಟಿ ಅಕ್ಕ

ಇಷ್ಟು ಬೇಗ ಬಿಡುಗಡೆ ಇಲ್ಲ. ನನ್ನದೂ ಕೆಲವು ಪ್ರಶ್ನೆ ಇದೆ. 22 ವರ್ಷದಿಂದ ನರ್ಸ್ ನಾನು, ಚಿಕ್ಕಮಗಳೂರು ಕಡೆ.

ಬಿಪಿ ನೋಡುವಾಗ ಮಾತಾಡುತ್ತಿದ್ದಿರಾ? ಆನೆ ಕಥೆ ಹೇಳುತ್ತಿದ್ದಿರಿ ಅನ್ನಿಸುತ್ತದೆ. ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇತ್ತಾ, ತೊಡೆ ಮೇಲೆ ಇತ್ತಾ? ಕಾಲ ಮೇಲೆ ಕಾಲು? ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿದ್ದಿರಾ? ಇವು ಒಂದೊಂದೂ ಕೆಲವು ಅಂಕಿ ಏರಿಸುತ್ತವೆ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಆನೆ ನೋಡಿದ ದಿನದ ಅಂಕಿಗೆ ಯಾರೂ ಮಾತ್ರೆ ಬರೆಯುವುದಿಲ್ಲ. ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಡಿ.

ಎರಡನೆಯದು. ಮಾತ್ರೆ "ಇದೆ" ಅಂದಿರಿ. ದಿನಾ ತಗೊಳ್ಳುತ್ತೀರಿ ಅನ್ನಲಿಲ್ಲ.

ಆಲೂರು ತೋಟ

ಅಕ್ಕಾ, ಸಿಕ್ಕಿಬಿದ್ದೆ. ಮಾತಾಡುತ್ತಿದ್ದೆ. ಕೈ ತೊಡೆ ಮೇಲಿತ್ತು. ಮಾತ್ರೆ ತಲೆನೋವು ಬಂದಾಗ ಮಾತ್ರ. ತಲೆನೋವು ಇಲ್ಲದಿದ್ದರೆ ಬಿಪಿ ಇಲ್ಲ ಅಂದುಕೊಂಡಿದ್ದೆ.

ನೈಟ್ ಡ್ಯೂಟಿ ಅಕ್ಕ

ಗೊತ್ತಿತ್ತು. ನನ್ನ ಸರ್ವೀಸಿನಲ್ಲಿ ಈ ಮಾತು ಕೇಳಿದ ಸಲಕ್ಕೊಂದು ರೂಪಾಯಿ ಇಟ್ಟಿದ್ದರೆ ಈಗ ಒಂದೆಕರೆ ತೋಟ ತಗೊಳ್ಳಬಹುದಿತ್ತು. ಬಿಪಿ ಸಾಮಾನ್ಯವಾಗಿ ಏನೂ ಹೇಳಿಕೊಳ್ಳುವುದಿಲ್ಲ. 160 ಇಟ್ಟುಕೊಂಡು ಮದುವೆ ಮನೆಯಲ್ಲಿ ಬಡಿಸುವವರನ್ನು ನೋಡಿದ್ದೇನೆ.

ಕಡೂರು ರೈಲು

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ನನಗೆ ಒಂದು ಅನುಮಾನ. ಬಿಪಿಯಿಂದ ಗೋಡೆ ದಪ್ಪ ಆಯಿತೋ, ಗೋಡೆ ದಪ್ಪ ಇದ್ದದ್ದರಿಂದ ಬಿಪಿ ಬಂತೋ? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದಂತೆ. ಮತ್ತೆ, ಸಿಟ್ಟಿಗೂ ಬಿಪಿಗೂ ಸಂಬಂಧವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಆಫೀಸಿನಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಅರ್ಧ ಜನ ಮಾತ್ರೆ ನುಂಗುತ್ತಾರೆ.

ಹಳೇ ಲ್ಯಾಬ್ ಕೋಟು

ಒಳ್ಳೆ ಪ್ರಶ್ನೆ. ಸಂಬಂಧವೇ ಇಲ್ಲ ಎಂದರೆ ನನ್ನದು ಅತಿಯಾಯಿತು, ತಿದ್ದಿಕೊಳ್ಳುತ್ತೇನೆ. ಚಿಕ್ಕ ವಯಸ್ಸಿನಲ್ಲಿ ಬಿಪಿ ಶುರುವಾಗುವ ಕೆಲವರಲ್ಲಿ ನರಗಳ ಚುರುಕೇ ಜಾಸ್ತಿ ಇರುತ್ತದೆ, ನಾರ್‌ಅಡ್ರಿನಲಿನ್ ನಿಜಕ್ಕೂ ಹೆಚ್ಚು ಜಿನುಗುತ್ತದೆ. ಆಮೇಲೆ ನಾಳಗಳು ಅದಕ್ಕೆ ತಕ್ಕ ಹಾಗೆ ರೂಪ ಬದಲಿಸಿಕೊಳ್ಳುತ್ತವೆ. ಹತ್ತು ವರ್ಷ ಕಳೆದ ಮೇಲೆ ಅಷ್ಟು ಹಾರ್ಮೋನು ಬೇಕೇ ಆಗುವುದಿಲ್ಲ, ಸ್ವಲ್ಪವೇ ಸಾಕು.

ಕೋಳಿ ಮೊಟ್ಟೆ ವಿಚಾರ. 1963ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಕಾಮೋಟೊ ಮತ್ತು ಆವೋಕಿ ಎಂಬಿಬ್ಬರು ತಾನಾಗಿಯೇ ಬಿಪಿ ಬರುವ ಇಲಿಯ ತಳಿಯನ್ನು ಬೆಳೆಸಿದರು. ಬಿಪಿ ಜಾಸ್ತಿ ಇದ್ದ ಇಲಿಗಳನ್ನೇ ಆರಿಸಿ ಕೂಡಿಸುತ್ತಾ ಹೋದರು, ನಾವು ಕಾಫಿ ಗಿಡ ಆರಿಸಿದ ಹಾಗೆ. ಇವತ್ತಿಗೂ ಪ್ರಪಂಚದ ಹಲವು ಲ್ಯಾಬುಗಳಲ್ಲಿ ಆ ತಳಿ ಇದೆ. ಅದರ ಮರಿಗಳಲ್ಲಿ ಬಿಪಿ ಪೂರ್ತಿ ಏರುವ ಮೊದಲೇ ನಾಳದ ಗೋಡೆಯಲ್ಲಿ ವ್ಯತ್ಯಾಸ ಕಂಡಿದೆ. ಬಿಪಿ ಏರಿದ ಮೇಲೆ ಇನ್ನೂ ಜಾಸ್ತಿ ಆಗಿದೆ. ಹಾಗಾಗಿ ಒಂದು ಇನ್ನೊಂದನ್ನು ಬೆಳೆಸುತ್ತದೆ ಅನ್ನುವುದೇ ಸರಿ. ಸುಳಿ ಇದ್ದ ಹಾಗೆ.

ಗೋಡೆಯ ದಪ್ಪದ ಬಗ್ಗೆ ಮಾತ್ರ ಹೇಳಿದೆ. ಒಳಪದರದ ಕಥೆ ಬಾಕಿ ಇದೆ, ಅದು ನನಗೆ ಇನ್ನೂ ಇಷ್ಟ.

ನಾಳದ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಲೇಪ ಇದೆ, ಎಂಡೋಥೀಲಿಯಂ ಎನ್ನುತ್ತಾರೆ. ಬಹಳ ಕಾಲ ಅದನ್ನು ಗೋಡೆಗೆ ಹೊಡೆದ ಸುಣ್ಣದ ಹಾಗೆ ನೋಡಿದ್ದರು, ಕೆಲಸವಿಲ್ಲದ್ದು ಎಂದು. ಅಮೆರಿಕದ ಫರ್ಚ್‌ಗಾಟ್ ಮೊಲದ ರಕ್ತನಾಳದ ಪಟ್ಟಿಗಳಿಗೆ, ನರಗಳು ಸುದ್ದಿ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಹಾಕಿ ನೋಡುತ್ತಿದ್ದರು. ಒಮ್ಮೆ ನಾಳ ಸಡಿಲಾಗುತ್ತಿತ್ತು, ಇನ್ನೊಮ್ಮೆ ಬಿಗಿಯುತ್ತಿತ್ತು. ತಲೆಕೆಟ್ಟು ಹೋಗುವ ವಿಷಯ. ಕೊನೆಗೆ ತಿಳಿದದ್ದು ಇಷ್ಟು: ಪಟ್ಟಿ ತಯಾರು ಮಾಡುವಾಗ ಒಳಮೈ ಉಜ್ಜಿಹೋಗಿದ್ದರೆ ಸಡಿಲಾಗುವುದಿಲ್ಲ. ಆ "ಸುಣ್ಣ"ವೇ ಸಡಿಲಿಸುವ ಸುದ್ದಿ ಕಳಿಸುತ್ತಿತ್ತು! 1980ರಲ್ಲಿ ಜವಾಡ್ಸ್ಕಿ ಜೊತೆ ಅದನ್ನು ಪ್ರಕಟಿಸಿದರು. ಆ ಸುದ್ದಿ ಒಯ್ಯುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ಗೊತ್ತಾಯಿತು. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ಸೇರಿ ಬಂತು.

ಬಿಪಿ ಇದ್ದವರ ಮುಂಗೈಯಲ್ಲಿ ಇದೇ ಅಸಿಟೈಲ್‌ಕೋಲಿನ್ ಕೊಟ್ಟು ನೋಡಿದಾಗ ನಾಳ ಅಷ್ಟಾಗಿ ಸಡಿಲಾಗಲಿಲ್ಲ ಎಂದು 1990ರಲ್ಲಿ ಪಾಂಜಾ ಮತ್ತು ಜೊತೆಯವರು ತೋರಿಸಿದರು. ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಬಿಗಿಯಲು ಹೊರಟಾಗ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು "ಸಾಕು, ನಿಧಾನ" ಎಂದು ಜಗ್ಗುತ್ತದೆ. ಬಿಪಿಯಲ್ಲಿ ಆ ಜಗ್ಗುವ ಕೈ ಸೋತಿದೆ. ಬೀಟಾ-2 ಕಡೆಯಿಂದ ಬರುವ ಸಡಿಲಿಕೆಯೂ ಕಡಿಮೆಯಾಗಿರುತ್ತದೆ. ಎತ್ತಿನ ಗಾಡಿ ಇಳಿಜಾರಿನಲ್ಲಿ, ಬ್ರೇಕು ಸವೆದಿದೆ.

ನೈಟ್ ಡ್ಯೂಟಿ ಅಕ್ಕ

ಇದಕ್ಕೆ ನಮ್ಮ ಹೆರಿಗೆ ವಾರ್ಡಿನದೊಂದು ಉದಾಹರಣೆ ಇದೆ. ಬಸುರಿಯರಲ್ಲಿ ಆಂಜಿಯೊಟೆನ್ಸಿನ್ ಅನ್ನುವ ಹಾರ್ಮೋನು ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಅದು ನಾಳ ಬಿಗಿಯುವುದರಲ್ಲಿ ಮಹಾ ಗಟ್ಟಿಗ. ಆದರೂ ಆರೋಗ್ಯವಾಗಿರುವ ಬಸುರಿಯ ನಾಳಗಳು ಅದಕ್ಕೆ ಜಗ್ಗುವುದಿಲ್ಲ, ಬಿಪಿ ಸ್ವಲ್ಪ ಇಳಿದೇ ಇರುತ್ತದೆ. ಮುಂದೆ ಬಸುರಿನ ಬಿಪಿ ಬರಲಿರುವವರಲ್ಲಿ ಈ ಜಗ್ಗದ ಗುಣ ವಾರಗಟ್ಟಲೆ ಮೊದಲೇ ಕಳೆದುಹೋಗುತ್ತದೆ. 1973ರಲ್ಲಿ ಅಮೆರಿಕದ ಡಲ್ಲಾಸ್‌ನ ಡಾಕ್ಟರುಗಳು ಸಣ್ಣ ಪ್ರಮಾಣದಲ್ಲಿ ಆಂಜಿಯೊಟೆನ್ಸಿನ್ ಕೊಟ್ಟು ನೋಡಿ ಇದನ್ನು ಕಂಡುಕೊಂಡರು. ಅಂಕಿ ಏರುವ ಮೊದಲೇ ನಾಳದ ನಡತೆ ಬದಲಾಗಿರುತ್ತದೆ. ಅದಕ್ಕೇ ನಾವು ಪ್ರತಿ ತಿಂಗಳು ಬಾ ಬಾ ಎಂದು ಜೀವ ತಿನ್ನುವುದು.

ಅಜ್ಜನ ಮದ್ದು

ನಮ್ಮ ಮನೆ ಶೃಂಗೇರಿ ಕಡೆ. ಇಷ್ಟೆಲ್ಲ ವಿದೇಶದ ಹೆಸರು ಯಾಕೆ? ನಮ್ಮ ಕಾಡಿನ ಸರ್ಪಗಂಧಿ ಬೇರು ಬಿಪಿಗೆ ರಾಮಬಾಣ. ಅಜ್ಜ ಕೊಡುತ್ತಿದ್ದರು. ಸೈಡ್ ಎಫೆಕ್ಟ್ ಇಲ್ಲ. ಕೆಮ್ಮಿಗೆ ಜೇಷ್ಠಮಧು ಅಗಿಯಿರಿ, ಅದೂ ತಂಪು.

ಮಾತ್ರೆ ಡಬ್ಬಿ

ಬೇಲೂರಿನಲ್ಲಿ ಔಷಧಿ ಅಂಗಡಿ ನನ್ನದು. ಅಣ್ಣಾ, ಸರ್ಪಗಂಧಿ ವಿಷಯದಲ್ಲಿ ಅರ್ಧ ಸರಿ, ಅರ್ಧ ಅಪಾಯ.

ಸರಿ ಏನೆಂದರೆ, ಅದರಿಂದ ಬಿಪಿ ಇಳಿಯುತ್ತದೆ. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಪಂಚವೇ ಈ ಬೇರಿನ ಹಿಂದೆ ಬಿತ್ತು. 1952ರಲ್ಲಿ ಅದರಿಂದ ರಿಸರ್ಪಿನ್ ತೆಗೆದರು. ಕೆಲಸ ಮಾಡುವ ರೀತಿ ಮೇಷ್ಟ್ರ ವಿಷಯಕ್ಕೇ ಸೇರುತ್ತದೆ: ನರದ ತುದಿಯಲ್ಲಿ ಕೂಡಿಟ್ಟಿರುವ ನಾರ್‌ಅಡ್ರಿನಲಿನ್ ಡಬ್ಬಿಯನ್ನೇ ಅದು ಖಾಲಿ ಮಾಡುತ್ತದೆ. ಆನೆ ಬಂದರೂ ಕಳಿಸಲು ಸರಕು ಇರುವುದಿಲ್ಲ.

ಅಪಾಯ ಏನೆಂದರೆ, ಮಿದುಳಿನ ಡಬ್ಬಿಯೂ ಖಾಲಿ ಆಗುತ್ತದೆ. ಮಂಕು ಕವಿಯುವುದು, ಮೂಗು ಕಟ್ಟುವುದು, ಹೊಟ್ಟೆಹುಣ್ಣು. ಡೋಸು ಜಾಸ್ತಿ ಆದಷ್ಟೂ ಖಿನ್ನತೆಯ ಭಯ ಜಾಸ್ತಿ. ಒಂದು ಬೇರಿನಲ್ಲಿ ಎಷ್ಟಿದೆ ಎಂದು ಯಾರು ಅಳೆದರು? ಜೊತೆಗೆ ಕಾಡಿನಿಂದ ಕಿತ್ತೂ ಕಿತ್ತೂ ಗಿಡವೇ ಅಪರೂಪ ಆಗಿದೆ.

ಜೇಷ್ಠಮಧು ಇನ್ನೂ ಮೋಸ. ಕಾರ್ಟಿಸಾಲ್ ಎಂಬ ಸ್ಟ್ರೆಸ್ ಹಾರ್ಮೋನನ್ನು ಕಿಡ್ನಿಯಲ್ಲಿ ನಿಷ್ಕ್ರಿಯ ಮಾಡುವ ಒಂದು ಕಿಣ್ವ ಇದೆ. ಜೇಷ್ಠಮಧು ಅದನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಉಪ್ಪು ಹಿಡಿದಿಡುವ ಕೆಲಸಕ್ಕೆ ಇಳಿಯುತ್ತದೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಒಂದು ದಿನ ಅಗಿದರೆ ಏನೂ ಆಗಲಿಕ್ಕಿಲ್ಲ. ಮಳೆಗಾಲ ಪೂರ್ತಿ ದಿನಾ ಅಗಿಯುವವರನ್ನು ನಾನು ಬಲ್ಲೆ. ಬಿಪಿ ಇದ್ದವರು ಬೇಡ.

ಹಳೇ ಲ್ಯಾಬ್ ಕೋಟು

ಕಾರ್ಟಿಸಾಲ್ ಇನ್ನೊಂದನ್ನೂ ಮಾಡುತ್ತದೆ. ತಾನು ನೇರವಾಗಿ ನಾಳ ಬಿಗಿಯುವುದು ಕಡಿಮೆ, ಆದರೆ ನಾರ್‌ಅಡ್ರಿನಲಿನ್ ಮಾತು ನಾಳಕ್ಕೆ ಚೆನ್ನಾಗಿ ಕೇಳಿಸುವ ಹಾಗೆ ಮಾಡುತ್ತದೆ. ಕಾರ್ಟಿಸಾಲ್ ತೀರಾ ಕಮ್ಮಿ ಇರುವ ರೋಗಿಗಳಲ್ಲಿ ಬಿಪಿ ಬೀಳುತ್ತದೆ, ನಾರ್‌ಅಡ್ರಿನಲಿನ್ ಡ್ರಿಪ್ ಹಾಕಿದರೂ ಸರಿಯಾಗಿ ಏಳುವುದಿಲ್ಲ. ಆನೆ ಹೆದರಿಕೆ ಅಡ್ರಿನಲಿನ್‌ದು, ಹತ್ತು ನಿಮಿಷದ್ದು. ಸಾಲ, ಕೋರ್ಟು, ಕೊಳೆರೋಗ, ನಿದ್ದೆಗೆಟ್ಟ ರಾತ್ರಿ ಇವೆಲ್ಲ ಕಾರ್ಟಿಸಾಲ್‌ನವು. ಕಡೂರಿನವರ ಮಾರ್ಚ್ ತಿಂಗಳೂ ಇಲ್ಲಿಗೇ ಬರುತ್ತದೆ.

ಮಾತ್ರೆ ಡಬ್ಬಿ

ಅಂಗಡಿಯಲ್ಲಿ ಕೂತು ದಿನಾ ಕಾಣುವುದನ್ನೂ ಹೇಳಿಬಿಡುತ್ತೇನೆ.

ಜೂನ್ ಬಂತೆಂದರೆ "ಒಂದು ನೆಗಡಿ ಮಾತ್ರೆ ಕೊಡಿ" ಎಂದು ಸಾಲು. ನೆಗಡಿಯ ಹಲವು ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಇರುತ್ತದೆ. ಅದು ಮೇಷ್ಟ್ರು ಹೇಳಿದ ಆಲ್ಫಾ ರಿಸೆಪ್ಟರ್‌ಗೇ ಅಂಟುವುದು, ಮೂಗಿನ ನಾಳ ಬಿಗಿದು ಕಟ್ಟಿದ ಮೂಗು ಬಿಡಲಿ ಎಂದು. ಮೂಗಿಗೆ ಮಾತ್ರ ಹೋಗು ಎಂದರೆ ಅದು ಕೇಳುತ್ತದಾ? ಮೂಗಿಗೆ ಬಿಡುವ ಡ್ರಾಪ್ಸೂ ಹಾಗೇ, ದಿನಗಟ್ಟಲೆ ಬಿಡುತ್ತಾ ಹೋದರೆ. ಬಿಪಿ ಇದೆ ಎಂದು ಮೊದಲೇ ಹೇಳಿ, ಬೇರೆ ಕೊಡುತ್ತೇವೆ.

ಮಂಡಿ ನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗುವವರು. ಅದು ಉಪ್ಪು ನೀರು ಹಿಡಿದಿಡುತ್ತದೆ, ಬಿಪಿ ಮಾತ್ರೆಯ ಬಲ ತಗ್ಗಿಸುತ್ತದೆ.

ಅಟೆನೊಲಾಲ್ ತರದ, ಬೀಟಾ ರಿಸೆಪ್ಟರ್ ತಡೆಯುವ ಬಿಪಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವವರು. ಮಾತ್ರೆ ತಡೆದಿದ್ದಷ್ಟು ದಿನ ಮೈ ರಿಸೆಪ್ಟರ್‌ಗಳನ್ನು ಜಾಸ್ತಿ ಮಾಡಿಕೊಂಡಿರುತ್ತದೆ. ಥಟ್ಟನೆ ಬಿಟ್ಟರೆ ಅಷ್ಟೂ ಬಾಗಿಲು ಒಟ್ಟಿಗೆ ತೆರೆಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಮ್ಮಪ್ಪನೇ ಊರ ಹಬ್ಬದಲ್ಲಿ ನಾಲ್ಕು ದಿನ ಬಿಟ್ಟು ರಾತ್ರೋರಾತ್ರಿ ಹಾಸನಕ್ಕೆ ಓಡಿಸಿದ್ದರು. ಔಷಧಿ ಅಂಗಡಿಯವನ ಅಪ್ಪ!

ಗಿರಿ ಕಾಫಿ

ಎಲ್ಲ ಸರಿ, ಕಾಫಿ ವಿಷಯ ಯಾರೂ ಎತ್ತಲಿಲ್ಲ. ಬಾಬಾಬುಡನ್ ಗಿರಿಯ ಕೆಳಗೆ ಕೂತು ಕಾಫಿ ಬಿಡಿ ಎಂದರೆ ನಾನು ಬಿಪಿಯಲ್ಲೇ ಸಾಯುತ್ತೇನೆ.

ಹಳೇ ಲ್ಯಾಬ್ ಕೋಟು

ಬಿಡಿ ಎಂದು ನಾನು ಹೇಳುವುದಿಲ್ಲ, ನನಗೂ ಎರಡು ಲೋಟ ಬೇಕು. ಕೆಫೀನ್ ಎರಡು ಕೆಲಸ ಮಾಡುತ್ತದೆ. ನಾಳ ಸಡಿಲಿಸುವ ಅಡಿನೊಸಿನ್‌ಗೆ ಅಡ್ಡ ನಿಲ್ಲುತ್ತದೆ, ಅಡ್ರಿನಲಿನ್ ಸ್ವಲ್ಪ ಏರಿಸುತ್ತದೆ. ಅಭ್ಯಾಸ ಇಲ್ಲದವರಲ್ಲಿ ಒಂದೆರಡು ಗಂಟೆ 5ರಿಂದ 10 ಅಂಕಿ ಏರಬಹುದು. ದಿನಾ ಕುಡಿಯುವವರಲ್ಲಿ ಮೈ ಒಗ್ಗಿಕೊಂಡು ಈ ಏರಿಕೆ ಬಹಳ ಕಡಿಮೆ. ರೋಬಸ್ಟಾದಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಬಿಪಿ ತೀರಾ ಜಾಸ್ತಿ ಇರುವವರು ಡಾಕ್ಟರನ್ನು ಕೇಳಿ ಕುಡಿಯಲಿ.

ನನ್ನ ಕೇಳಿದರೆ ಕಾಫಿಗಿಂತ ಅದರ ಪಕ್ಕದಲ್ಲಿ ತಟ್ಟೆಯಲ್ಲಿರುವುದನ್ನು ನೋಡಿ. ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪಲ್ಲಿಟ್ಟ ಮಾವು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚದ ಒಳಗೆ, ಎಲ್ಲಾ ಸೇರಿ. ಉಪ್ಪು ಜಾಸ್ತಿ ಆದಾಗ ಕೆಲವರ ನಾಳಗಳು ನಾರ್‌ಅಡ್ರಿನಲಿನ್‌ಗೆ ಇನ್ನೂ ಜೋರಾಗಿ ಉತ್ತರ ಕೊಡುತ್ತವೆ.

ಕೊಪ್ಪದ ಅಡಿಕೆ

ಮಿಡಿ ಉಪ್ಪಿನಕಾಯಿ ಮುಟ್ಟಿದಿರಿ. ಇನ್ನು ನಮ್ಮ ನಿಮ್ಮ ಸಂಬಂಧ ಮುಗಿಯಿತು.

ಕಡೂರು ರೈಲು

ಚಳಿಗಾಲದ ವಿಷಯವೂ ಇದೇನಾ? ಡಿಸೆಂಬರಿನಲ್ಲಿ ನಮ್ಮಮ್ಮನ ಬಿಪಿ ಯಾವಾಗಲೂ ಮೇಲೆ. ಬೇಸಿಗೆಯಲ್ಲಿ ಸರಿಹೋಗುತ್ತದೆ.

ಹಳೇ ಲ್ಯಾಬ್ ಕೋಟು

ಇದೇ. ಚಳಿಗೆ ಚರ್ಮದ ನಾಳ ಬಿಗಿಯುವುದೂ ನಾರ್‌ಅಡ್ರಿನಲಿನ್‌ನಿಂದ. ಐಸ್ ನೀರಿನಲ್ಲಿ ಒಂದು ನಿಮಿಷ ಕೈ ಇಟ್ಟು ಬಿಪಿ ಎಷ್ಟು ಏರುತ್ತದೆ ಎಂದು ನೋಡುವ ಪರೀಕ್ಷೆ 1930ರ ದಶಕದಿಂದ ಇದೆ. ನಾವು ಲ್ಯಾಬಿನಲ್ಲಿ ಮಕ್ಕಳಿಗೆ ಮಾಡಿಸುತ್ತಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ತರ ಏರುತ್ತಿತ್ತು. ಬಿಪಿ ಇರುವವರು ಮನೆಯಲ್ಲಿ ಮಾಡಿ ನೋಡಬೇಡಿ, ದಯವಿಟ್ಟು. ಅಮ್ಮನಿಗೆ ಬೆಳಗಿನ ಜಾವ ತಣ್ಣೀರು ಬೇಡ, ಸ್ವೆಟರ್ ಇರಲಿ. ಚಳಿಗಾಲಕ್ಕೆ ಮಾತ್ರೆ ಬದಲಿಸಬೇಕಾ ಎಂದು ಡಾಕ್ಟರನ್ನು ಒಮ್ಮೆ ಕೇಳಿ.

ಆಲೂರು ತೋಟ · ಮಾರ್ಚ್ 14

ಒಂದು ವಾರ ಬರೆದಿಟ್ಟೆ. ಅಕ್ಕ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು. ಸರಾಸರಿ 158/96. ಅಂದರೆ ಆನೆ ಇಲ್ಲದೆಯೂ ಜಾಸ್ತಿಯೇ. ಡಾಕ್ಟರ್ ಹತ್ತಿರ ಹೋದೆ. ಹಳೇ ಮಾತ್ರೆ ನಿಧಾನವಾಗಿ ಬಿಡಿಸಿ ಲೊಸಾರ್ಟನ್ ಕೊಟ್ಟರು, ಜೊತೆಗೆ ಇನ್ನೊಂದು. ಮೇಷ್ಟ್ರೇ, ದಪ್ಪ ಆದ ಗೋಡೆ ಮತ್ತೆ ತೆಳು ಆಗುತ್ತದಾ?

ಹಳೇ ಲ್ಯಾಬ್ ಕೋಟು

ಸ್ವಲ್ಪ ಮಟ್ಟಿಗೆ ಆಗುತ್ತದೆ, ನಿಧಾನವಾಗಿ. ಕೆನಡಾದ ಶಿಫ್ರಿನ್ ಎಂಬುವರು ಬಿಪಿ ರೋಗಿಗಳ ಪೃಷ್ಠದ ಚರ್ಮದಡಿಯಿಂದ ಚೂರು ತೆಗೆದು ಅದರೊಳಗಿನ ಸಣ್ಣ ನಾಳಗಳನ್ನು ಅಳೆದರು. ಒಂದು ಗುಂಪಿಗೆ ಒಂದು ವರ್ಷ ಅಟೆನೊಲಾಲ್, ಇನ್ನೊಂದು ಗುಂಪಿಗೆ ಲೊಸಾರ್ಟನ್. ಬಿಪಿ ಎರಡೂ ಗುಂಪಿನಲ್ಲಿ ಇಳಿಯಿತು. ನಾಳದ ಗೋಡೆ ಸರಿಯಾಗತೊಡಗಿದ್ದು ಲೊಸಾರ್ಟನ್ ತಗೊಂಡವರಲ್ಲಿ ಮಾತ್ರ. ಆಂಜಿಯೊಟೆನ್ಸಿನ್ ಬರೀ ಬಿಗಿಯುವುದಿಲ್ಲ, ಗೋಡೆ ಬೆಳೆಯಲು ಗೊಬ್ಬರವೂ ಹೌದು. ಲೊಸಾರ್ಟನ್ ಅದರ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಎರಡೂ ಕಡಿಮೆ.

ಇದನ್ನು ಓದಿ ಅಟೆನೊಲಾಲ್ ತಗೊಳ್ಳುವವರು ಯಾರೂ ನಿಲ್ಲಿಸಬೇಡಿ! ಎದೆನೋವು, ಹೃದಯದ ಬಡಿತದ ತೊಂದರೆ ಇರುವವರಿಗೆ ಅದೇ ಬೇಕಾಗಿರಬಹುದು. ಮಾತ್ರೆ ಡಬ್ಬಿಯವರ ಅಪ್ಪನನ್ನು ನೆನೆಸಿಕೊಳ್ಳಿ.

ನೈಟ್ ಡ್ಯೂಟಿ ಅಕ್ಕ

ಲೊಸಾರ್ಟನ್ ಶುರು ಮಾಡಿದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವುದು) ಒಮ್ಮೆ ನೋಡಿಸಿ. ಬಸುರಿಯರು ಇದನ್ನು ತಗೊಳ್ಳುವಂತಿಲ್ಲ, ಮನೆಯಲ್ಲಿ ಸೊಸೆ ಮಗಳು ಯಾರೂ ನಿಮ್ಮ ಡಬ್ಬಿಯಿಂದ ತೆಗೆದು ನುಂಗದಿರಲಿ. ಮತ್ತೆ ಆ ತಮ್ಮ ಇದ್ದಾನಲ್ಲ, 134 ಎಂದು ಬೀಗಬೇಡ ಅನ್ನಿ. ಅಣ್ಣನಿಗೆ ಇದ್ದರೆ ಅವನೂ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಆಲೂರು ತೋಟ · ಜೂನ್ 6

ಮೂರು ತಿಂಗಳು ಆಯಿತು, ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಮಗಳು ಫೋನಿನಲ್ಲಿ ಅಲಾರಂ ಇಟ್ಟಿದ್ದಾಳೆ, ಅದು ಕೋಳಿ ತರ ಕೂಗುತ್ತದೆ. ಸುಮ್ನೆ ಕೂತಾಗ ಈಗ 132, 136, ಹೀಗೆ ಬರುತ್ತಿದೆ.

ನಿನ್ನೆ ರಾತ್ರಿ ಹಲಸಿನ ಹಣ್ಣಿಗೆ ಮತ್ತೆ ಅದೇ ಸಲಗ ಬಂದಿತ್ತು. ಈ ಸಲ ಮನೆ ಅಂಗಳದವರೆಗೂ. ನಾವೆಲ್ಲ ಒಳಗೆ ಲೈಟ್ ಆರಿಸಿ ಕೂತಿದ್ದೆವು. ಅದು ಹೋದ ಇಪ್ಪತ್ತು ನಿಮಿಷಕ್ಕೆ ಮಗಳು ಮಿಷಿನ್ ತಂದಳು. ಕೈ ಮೇಜಿನ ಮೇಲೆ, ಬಾಯಿ ಬಂದ್. ನನಗೆ 154/90. ತಮ್ಮನಿಗೆ 138/84, ಅವನಿಗೆ ಈಗ ಸ್ವಲ್ಪ ಭಯ ಹುಟ್ಟಿದೆ, ಒಳ್ಳೆಯದೇ.

ಮನೆಯವಳದು ನೋಡಿದರೆ 162! ಅವಳು ಇದುವರೆಗೆ ಒಮ್ಮೆಯೂ ನೋಡಿಸಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅಡುಗೆಮನೆ ಬಾಗಿಲಿನ ಪ್ರಿಂಟ್ ಕಡೆ ಒಮ್ಮೆ ನೋಡಿದೆ ಅಷ್ಟೇ. ಸೋಮವಾರ ಇಬ್ಬರೂ ಹಾಸನಕ್ಕೆ ಹೋಗುತ್ತಿದ್ದೇವೆ.

ಕೊಪ್ಪದ ಅಡಿಕೆ

ಚಪ್ಪಲಿ ಸಿಕ್ಕಿತಾ?

ಆಲೂರು ತೋಟ

ಒಂದು ಸಿಕ್ಕಿತು. ಇನ್ನೊಂದರ ಮೇಲೆ ಅದು ಕಾಲಿಟ್ಟಿದೆ.